ವೀಣೆ ಊರಿನಲ್ಲಿ, ನೀವು ಪರವೂರಿನಲ್ಲಿ

ಸಂಗೀತ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಕೇಳದವರಿಲ್ಲ: "ಪಿಯುಸಿ ಒಂದು ಮುಗೀಲಿ, ವೀಣೆ ಆಮೇಲೆ ನೋಡ್ಕೊಳ್ಳೋಣ." ಪಿಯುಸಿ ಮುಗಿಯುತ್ತದೆ, ಹಾಸ್ಟೆಲ್ ವಾಸ ಶುರುವಾಗುತ್ತದೆ. ಇಬ್ಬರು ಮೂವರು ಹಂಚಿಕೊಂಡ ಕೋಣೆಯಲ್ಲಿ ವೀಣೆಗೆಲ್ಲಿ ಜಾಗ? ಆಮೇಲೆ ಕೆಲಸ, ಕಂಪನಿಯವರು ಹೊರದೇಶಕ್ಕೆ ಕಳಿಸುವುದು, ಮದುವೆ, ಬಾಣಂತನ. ಜೂನಿಯರ್ ಪರೀಕ್ಷೆ ಪಾಸಾಗಿ, ವರ್ಣಗಳನ್ನು ಎರಡು ಕಾಲದಲ್ಲಿ ಸಲೀಸಾಗಿ ನುಡಿಸುತ್ತಿದ್ದ ಹುಡುಗಿ ಹತ್ತು ವರ್ಷದ ಮೇಲೆ ಸಿಕ್ಕಾಗ "ಎಲ್ಲಾ ಮರೆತೇ ಹೋಯ್ತು" ಅನ್ನುತ್ತಾಳೆ. ಆ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ವಾದ್ಯ ದೂರವಾಯಿತು, ಸರಿ. ಅದರ ಜೊತೆಗೆ ಸಂಗೀತವೂ ಹೋಗಲೇಬೇಕೆಂದೇನೂ ಇರಲಿಲ್ಲ.

ಕೈಯಲ್ಲಿ ವಾದ್ಯವಿಲ್ಲದ ತಿಂಗಳುಗಳಲ್ಲಿ, ವರ್ಷಗಳಲ್ಲಿ ಕಲಿತದ್ದನ್ನು ಹೇಗೆ ಉಳಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ಹೇಳುತ್ತೇನೆ. ಹೆಚ್ಚಿನ ಉದಾಹರಣೆಗಳು ವೀಣೆಯವು. ಪಿಟೀಲು, ಕೊಳಲು, ಮೃದಂಗ ಕಲಿತವರಿಗೂ ಬಹುಪಾಲು ಅನ್ವಯಿಸುತ್ತವೆ.

ಮೊದಲು ಏನು ಹೋಗುತ್ತದೆ, ಏನು ಉಳಿಯುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ನುಡಿಸುವುದು ನಿಂತ ಕೂಡಲೇ ಎಡಗೈಯ ತೋರುಬೆರಳು, ನಡುಬೆರಳುಗಳ ತುದಿಯ ಗಟ್ಟಿ ಚರ್ಮ ಮೆತ್ತಗಾಗತೊಡಗುತ್ತದೆ. ಮೂರನೆಯ ಕಾಲದ ವೇಗ ಕುಗ್ಗುತ್ತದೆ. ಮೀಟುವ ಬಲಗೈಗೂ ಮನೆ ಹಿಡಿಯುವ ಎಡಗೈಗೂ ಇದ್ದ ಹೊಂದಾಣಿಕೆ ಸಡಿಲವಾಗುತ್ತದೆ. ಇವು ಕಣ್ಣಿಗೆ ಕಾಣುವ ನಷ್ಟಗಳಾದ್ದರಿಂದ ಎಲ್ಲರೂ ಇವುಗಳಿಗೇ ಹೆದರುತ್ತಾರೆ. ಆದರೆ ವಾದ್ಯದ ಮುಂದೆ ಮತ್ತೆ ಕೂತರೆ ಬೇಗ ಮರಳುವುದೂ ಇವೇ. ಬೆರಳ ಚರ್ಮ ಕೆಲವೇ ವಾರಗಳಲ್ಲಿ ಗಟ್ಟಿಯಾಗುತ್ತದೆ. ನಿಜವಾಗಿ ಹೆದರಬೇಕಾದದ್ದು ಸದ್ದಿಲ್ಲದೆ ಜಾರುವ ನಾಲ್ಕು ಸಂಗತಿಗಳಿಗೆ: ಶ್ರುತಿಜ್ಞಾನ, ಕಾಲಪ್ರಮಾಣ, ಗುರುಗಳಿಂದ ಬಂದ ಪಾಠದ ನೆನಪು, ರಾಗದ ಕಲ್ಪನೆ. ಇವುಗಳನ್ನು ಮತ್ತೆ ಕಟ್ಟಿಕೊಳ್ಳಲು ವರ್ಷಗಳೇ ಬೇಕು. ಸಮಾಧಾನದ ವಿಷಯವೆಂದರೆ ಇವು ನಾಲ್ಕಕ್ಕೂ ವಾದ್ಯ ಬೇಕಿಲ್ಲ. ಹಾಗಾಗಿ ದೂರವಿರುವಾಗ ಬೆರಳಿನ ಬಗ್ಗೆ ಕೊರಗುವುದನ್ನು ಬಿಟ್ಟು ಸಮಯವನ್ನೆಲ್ಲ ಈ ನಾಲ್ಕಕ್ಕೆ ಕೊಡಿ ಎಂಬುದೇ ನನ್ನ ಸಲಹೆ.

ಶ್ರುತಿಯಿಂದ ಶುರು ಮಾಡೋಣ. ಒಂದು ಕಾಲದಲ್ಲಿ ಪರವೂರಿಗೆ ಹೋದವರಿಗೆ ತಂಬೂರಿ ಸಿಗುವುದೇ ಕಷ್ಟವಿತ್ತು. 1979ರಲ್ಲಿ ಬೆಂಗಳೂರಿನ ಇಂಜಿನಿಯರ್, ಸ್ವತಃ ಕೊಳಲು ವಾದಕರಾದ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಅವರ ರಾಡೆಲ್ ಪೆಟ್ಟಿಗೆಗಳು ಕಛೇರಿ ವೇದಿಕೆಗಳಿಗೂ ಪಾಠದ ಕೋಣೆಗಳಿಗೂ ಬಂದವು. ಈಗ ಅದೇ ಕೆಲಸವನ್ನು ಮೊಬೈಲಿನ ತಂಬೂರಿ ಆ್ಯಪ್ ಮಾಡುತ್ತದೆ. ನಿಮ್ಮ ವೀಣೆ ಯಾವ ಶ್ರುತಿಯಲ್ಲಿತ್ತೋ ಅದೇ ಶ್ರುತಿಗೆ ಆ್ಯಪನ್ನು ಹೊಂದಿಸಿಟ್ಟುಕೊಳ್ಳಿ, ಬದಲಿಸಬೇಡಿ. ಬೆಳಗ್ಗೆ ಅದನ್ನು ಹಾಕುವ ಮೊದಲು ಬಾಯಿ ಮುಚ್ಚಿಕೊಂಡೇ ನಿಮ್ಮ ವೀಣೆಯ ಷಡ್ಜವನ್ನು ಗುನುಗಿ, ಆಮೇಲೆ ಆ್ಯಪ್ ಹಾಕಿ ಹೋಲಿಸಿ. ಮೊದಮೊದಲು ತಪ್ಪುತ್ತದೆ. ಬಿಡದೆ ಮಾಡಿದರೆ ಸ್ವಲ್ಪ ಕಾಲದಲ್ಲೇ ಹತ್ತಿರ ಬರುತ್ತದೆ. ಷಡ್ಜ ಕೂತ ಮೇಲೆ ಪಂಚಮ, ಮೇಲಿನ ಷಡ್ಜ. ಅವು ಅಲುಗಾಡದೆ ನಿಂತ ಮೇಲೆ ಅಂತರ ಗಾಂಧಾರ, ಶುದ್ಧ ಮಧ್ಯಮ. ಒಂದೊಂದು ಸ್ವರದ ಮೇಲೂ ಉಸಿರಿರುವಷ್ಟು ಹೊತ್ತು ನಿಲ್ಲಿ. ಗುನುಗುವುದಕ್ಕೆ ಕೋಣೆಯ ಜೊತೆಗಾರರು ಅಡ್ಡಿ ಮಾಡುವುದಿಲ್ಲ. ಇಯರ್‌ಫೋನಿನ ಸದ್ದು ಮಾತ್ರ ಸಣ್ಣದಿರಲಿ. ತಂಬೂರಿ ಜೋರಾದರೆ ನಿಮ್ಮ ದನಿ ನಿಮಗೇ ಕೇಳದು, ಅಪಶ್ರುತಿಯಾದದ್ದೂ ತಿಳಿಯದು.

ಕಾಲಪ್ರಮಾಣ ಇನ್ನೂ ಸುಲಭ. ಅದಕ್ಕೆ ಬೇಕಾದದ್ದು ಒಂದು ಕೈ. ಮೆಟ್ರೊನೋಮ್ ಆ್ಯಪನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು, ಆದಿತಾಳ ಹಾಕುತ್ತಾ ಮಾಯಾಮಾಳವಗೌಳದ ಸರಳೆ ವರಸೆಯನ್ನು ಸ್ವರದಲ್ಲಿ ಹಾಡಿ. ಮೊದಲ ಕಾಲದಲ್ಲಿ ಪೆಟ್ಟಿಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಕಾಲದಿಂದ ಕಾಲಕ್ಕೆ ನಿಲ್ಲದೆ ದಾಟಬೇಕು, ಮೂರನೆಯ ಕಾಲದಿಂದ ಮೊದಲನೆಯದಕ್ಕೆ ಇಳಿಯುವಾಗ ಕೈ ಓಡಬಾರದು. ಇದು ರೂಢಿಯಾದ ಮೇಲೆ ಮೆಟ್ರೊನೋಮನ್ನು ಶುರುವಿನಲ್ಲಿ ಮಾತ್ರ ಕೇಳಿಸಿಕೊಂಡು ಆರಿಸಿಬಿಡಿ, ಪೂರ್ತಿ ವರಸೆ ಹಾಡಿ ಮುಗಿಸಿ, ಮತ್ತೆ ಹಾಕಿ ನೋಡಿ. ಎಷ್ಟು ಓಡಿದ್ದೀರಿ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಸಪ್ತತಾಳದ ಅಲಂಕಾರಗಳನ್ನು ಪರೀಕ್ಷೆ ಮುಗಿದ ಮೇಲೆ ಯಾರೂ ಮುಟ್ಟುವುದಿಲ್ಲ. ದೂರವಿರುವ ಕಾಲಕ್ಕೆ ಅವಕ್ಕಿಂತ ಒಳ್ಳೆಯ ಸಾಧನೆ ಇಲ್ಲ. ಧ್ರುವ, ಅಟ ಎರಡಕ್ಕೂ ಅಕ್ಷರ 14. ಚತುರಶ್ರ ಜಾತಿ ಧ್ರುವದಲ್ಲಿ ಅದು 4, 2, 4, 4 ಎಂದು ಬಿಡಿಯಾಗುತ್ತದೆ, ಖಂಡ ಜಾತಿ ಅಟದಲ್ಲಿ 5, 5, 2, 2 ಎಂದು. ಒಂದಾದ ಮೇಲೊಂದು ಇವೆರಡನ್ನೂ ಹಾಕುತ್ತಾ ಹಾಡಿದರೆ ಎಣಿಕೆ ಒಂದೇ ಇದ್ದರೂ ನಡೆ ಹೇಗೆ ಬೇರೆಯಾಗುತ್ತದೆ ಎಂಬುದು ಮೈಗೆ ತಿಳಿಯುತ್ತದೆ. ರಾಗ ಬದಲಿಸಿ ಕಲ್ಯಾಣಿಯಲ್ಲೋ ಖರಹರಪ್ರಿಯದಲ್ಲೋ ಹಾಡಿ. ಬಸ್ಸಿನಲ್ಲಿ, ಮೆಟ್ರೋದಲ್ಲಿ ಬಾಯಿ ಬಿಡಲಾಗದಿದ್ದರೆ ತೊಡೆಯ ಮೇಲೆ ಬೆರಳೆಣಿಕೆ ಸಾಕು. ಸಂಜೆ ನಡೆಯುವಾಗ ಹೆಜ್ಜೆಗೊಂದು ಅಕ್ಷರದಂತೆ ಮನಸ್ಸಿನಲ್ಲೇ ಹಾಡಿಕೊಂಡು ಹೋಗಬಹುದು.

ಹಾಡಿ, ಆಮೇಲೆ ಬರೆಯಿರಿ

ಇನ್ನು ಪಾಠದ ನೆನಪು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ವಾದ್ಯ ಕಲಿತವರಲ್ಲಿ ಅನೇಕರಿಗೆ ಕಹಿಯೆನಿಸುವ ಸತ್ಯ ಇಲ್ಲೇ ಇರುವುದರಿಂದ. ಒಂದು ವರ್ಣವನ್ನು ವೀಣೆಯ ಮೇಲೆ ತಪ್ಪಿಲ್ಲದೆ ನುಡಿಸುವವರಿಗೆ ಅದರ ಮೂರನೆಯ ಎತ್ತುಗಡೆ ಸ್ವರವನ್ನು ಮಾತ್ರ ಹೇಳಿ ಎಂದರೆ ತಡವರಿಸುತ್ತಾರೆ. ಪಲ್ಲವಿಯಿಂದ ಹಿಡಿದು ನುಡಿಸುತ್ತಾ ಬಂದರೆ ಮಾತ್ರ ಅದು ಬರುತ್ತದೆ. ಅಂದರೆ ಗೊತ್ತಿರುವುದು ಬೆರಳಿಗೆ, ಮನಸ್ಸಿಗಲ್ಲ. ದಿನವೂ ನುಡಿಸುವಾಗ ಈ ಕೊರತೆ ಮುಚ್ಚಿಕೊಂಡಿರುತ್ತದೆ. ಬೆರಳಿಗೆ ತಂತಿ ಸಿಗದ ಕಾಲದಲ್ಲಿ ಎಳೆ ಎಲ್ಲೋ ಒಂದು ಕಡೆ ತುಂಡಾದರೆ ಮುಂದಿನದೆಲ್ಲ ಹೋದ ಹಾಗೆಯೇ.

ಇದಕ್ಕೆ ಮದ್ದು ಹಾಡುವುದು. "ನನಗೆ ದನಿಯಿಲ್ಲ, ಅದಕ್ಕೇ ವೀಣೆಗೆ ಸೇರಿದ್ದು" ಎನ್ನುವವರು ಬಹಳ. ದನಿ ಚೆನ್ನಾಗಿರಬೇಕೆಂದು ಯಾರೂ ಕೇಳುತ್ತಿಲ್ಲ. ಸ್ವರಸ್ಥಾನ ಸರಿಯಿದ್ದರೆ ಸಾಕು. ವೀಣೆಯ ಶ್ರುತಿ ನಿಮ್ಮ ಗಂಟಲಿಗೆ ಒಗ್ಗದಿದ್ದರೆ ಹಾಡುವಾಗ ಮಾತ್ರ ಇಳಿಸಿಯೋ ಏರಿಸಿಯೋ ಕೊಳ್ಳಿ. ವರ್ಣವನ್ನು ಮೊದಲು ಸ್ವರದಲ್ಲಿ, ಆಮೇಲೆ ಸಾಹಿತ್ಯದಲ್ಲಿ, ಆಮೇಲೆ ಎರಡನೆಯ ಕಾಲದಲ್ಲಿ ಹಾಡಿ. ಸಾಹಿತ್ಯವನ್ನು ಬಿಡಬೇಡಿ. ಸಾಹಿತ್ಯದ ಯಾವ ಅಕ್ಷರಕ್ಕೆ ಮೀಟು ಬೀಳಬೇಕು, ಯಾವ ಅಕ್ಷರದ ಎಳೆತದಲ್ಲಿ ಒಂದೇ ಮೀಟಿನಿಂದ ಹಲವು ಸ್ವರ ಬರಬೇಕು ಎಂಬುದು ಹಾಡಿದಾಗಲೇ ಸ್ಪಷ್ಟವಾಗುವುದು. ಹಾಗೆ ಹಾಡಿಕೊಂಡು ಬಂದವರ ನುಡಿಸಾಣಿಕೆಯಲ್ಲಿ ವಾದ್ಯಕ್ಕೆ ಮರಳಿದಾಗ ಅನಗತ್ಯ ಮೀಟುಗಳು ಕಡಿಮೆಯಾಗಿರುತ್ತವೆ. ವಾದ್ಯದಿಂದ ದೂರವಿದ್ದ ಕಾಲ ಹೀಗೆ ಲಾಭಕ್ಕೂ ಬರಬಹುದು.

ಹಾಡಿಯಾದ ಮೇಲೆ ಬರೆಯಬೇಕು. ಪುಸ್ತಕ ನೋಡದೆ, ರೆಕಾರ್ಡಿಂಗ್ ಕೇಳದೆ, ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ವರ್ಣದ ಸ್ವರಲಿಪಿಯನ್ನು ನೆನಪಿನಿಂದಲೇ ಬರೆಯಿರಿ: ಸ್ಥಾಯಿಗೆ ಚುಕ್ಕೆ, ಕಾಲಕ್ಕೆ ಗೆರೆ, ತಾಳದ ಅಂಗಕ್ಕೆ ಗುರುತು, ಎಲ್ಲವೂ ಇರಲಿ. ಪೆನ್ಸಿಲ್ ಎಲ್ಲಿ ನಿಲ್ಲುತ್ತದೋ ಅಲ್ಲಿ ಪಾಠ ಸಡಿಲವಾಗಿದೆ ಎಂದರ್ಥ. ಆ ಜಾಗವನ್ನಷ್ಟೇ ಹಳೆಯ ನೋಟ್ಸ್ ನೋಡಿ ಸರಿಪಡಿಸಿ, ಮರುದಿನ ಮತ್ತೆ ಬರೆಯಿರಿ. ಇದು ಪ್ರಯಾಸದ ಕೆಲಸ, ಮೊದಲ ಸಲ ಒಂದು ಆವರ್ತ ಬರೆಯುವುದಕ್ಕೇ ಸಾಕಾಗಿ ಹೋಗುತ್ತದೆ. ಆದರೆ ಹೀಗೆ ಬರೆದ ವರ್ಣ ವಾದ್ಯವಿಲ್ಲದೆ ಎಷ್ಟು ಕಾಲ ಕಳೆದರೂ ಕೈಬಿಡುವುದು ಬಹಳ ಕಡಿಮೆ. ಜೂನಿಯರ್ ಹಂತದವರು ಎರಡು ಮೂರು ವರ್ಣಗಳನ್ನು, ಸೀನಿಯರ್ ಮುಗಿಸಿದವರು ಒಂದು ಅಟತಾಳ ವರ್ಣ ಮತ್ತು ಕೆಲವು ಕೃತಿಗಳನ್ನು ಆರಿಸಿಕೊಂಡು ಅವನ್ನೇ ಗಟ್ಟಿ ಮಾಡಲಿ. ಕಲಿತದ್ದೆಲ್ಲವನ್ನೂ ಉಳಿಸುತ್ತೇನೆಂದು ಹೊರಟರೆ ಯಾವುದೂ ಉಳಿಯದು.

ಕಣ್ಣು ಮುಚ್ಚಿ ನುಡಿಸುವುದು

ವಾದ್ಯವಿಲ್ಲದೆ ಬೆರಳಿನ ಸಾಧನೆ ಸಾಧ್ಯವೇ? ಸ್ವಲ್ಪಮಟ್ಟಿಗೆ ಸಾಧ್ಯ. 1995ರಲ್ಲಿ ಅಲ್ವಾರೊ ಪಾಸ್ಕುವಲ್-ಲಿಯೋನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಿಯಾನೋ ನುಡಿಸಿ ಗೊತ್ತಿಲ್ಲದವರಿಗೆ ಐದು ಬೆರಳಿನ ಒಂದು ಸಣ್ಣ ಅಭ್ಯಾಸ ಕೊಟ್ಟು, ಒಂದು ಗುಂಪಿನವರಿಂದ ಐದು ದಿನ, ದಿನಕ್ಕೆ ಎರಡು ಗಂಟೆ ನುಡಿಸಿದರು. ಇನ್ನೊಂದು ಗುಂಪಿನವರು ಅಷ್ಟೇ ಹೊತ್ತು ಪಿಯಾನೋ ಮುಂದೆ ಕೂತು, ಬೆರಳಾಡಿಸದೆ, ಮನಸ್ಸಿನಲ್ಲೇ ನುಡಿಸಿಕೊಂಡರು. ಬೆರಳಿನ ಚಲನೆಯನ್ನು ನಿಯಂತ್ರಿಸುವ ಮೆದುಳಿನ ಭಾಗದಲ್ಲಿ ಆದ ಬದಲಾವಣೆ ಎರಡೂ ಗುಂಪಿನಲ್ಲಿ ಒಂದೇ ಬಗೆಯದಾಗಿತ್ತು. ನುಡಿಸುವ ಖಚಿತತೆಯಲ್ಲಿ ಮಾತ್ರ ವ್ಯತ್ಯಾಸವಿತ್ತು: ಮನಸ್ಸಿನಲ್ಲಿ ನುಡಿಸಿದವರು ಐದನೆಯ ದಿನ ಮುಟ್ಟಿದ ಮಟ್ಟ, ಕೈಯಲ್ಲಿ ನುಡಿಸಿದವರು ಮೂರನೆಯ ದಿನ ಮುಟ್ಟಿದ್ದ ಮಟ್ಟ. ಆಮೇಲೆ ಒಂದೇ ಒಂದು ಸಲ ಎರಡು ಗಂಟೆ ನಿಜವಾಗಿ ನುಡಿಸಿದಾಗ ಅವರು ಉಳಿದವರ ಸಮಕ್ಕೆ ಬಂದರು. ಮನಸ್ಸಿನ ಸಾಧನೆ ಕೈಸಾಧನೆಗೆ ಪೂರ್ತಿ ಬದಲಿಯಲ್ಲ, ಆದರೆ ವ್ಯರ್ಥವಂತೂ ಅಲ್ಲ ಎಂದು ಇದರಿಂದ ತಿಳಿಯುತ್ತದೆ.

ವೀಣೆಯವರು ಇದನ್ನು ಹೀಗೆ ಮಾಡಬಹುದು. ಚಕ್ಕಂಬಕ್ಕಳ ಹಾಕಿ, ನುಡಿಸುವಾಗ ಕೂರುವಂತೆಯೇ ಕೂತು ಕಣ್ಣು ಮುಚ್ಚಿ. ಒಂದೇ ಒಂದು ಆವರ್ತ ಆರಿಸಿಕೊಳ್ಳಿ. ಮೊದಲು ಅದನ್ನು ಒಳಗೇ ಕೇಳಿಸಿಕೊಳ್ಳಿ. ಎರಡನೆಯ ಸಲ ಸಾರಣಿ ತಂತಿಯ ಮೇಲೆ ಎಡಗೈ ಯಾವ ಮನೆಯಿಂದ ಯಾವ ಮನೆಗೆ ಜರಗುತ್ತದೆ ಎಂದು ನೋಡಿ. ಮೂರನೆಯ ಸಲ ಬಲಗೈಯ ತೋರುಬೆರಳು, ನಡುಬೆರಳು ಸರದಿಯಂತೆ ಮೀಟುವುದನ್ನು, ಕಿರುಬೆರಳು ತಾಳದ ತಂತಿಗಳನ್ನು ತಟ್ಟುವುದನ್ನು ಸೇರಿಸಿ. ಕೊನೆಗೆ, ತಂತಿಯನ್ನು ಎಳೆದು ಗಮಕ ತೆಗೆಯುವಲ್ಲಿ ಎಷ್ಟು ಎಳೆಯಬೇಕು, ಎಷ್ಟು ಹೊತ್ತು ಹಿಡಿಯಬೇಕು ಎಂಬುದನ್ನು ಬೆರಳಿನಲ್ಲೇ ನೆನಪಿಸಿಕೊಳ್ಳಿ. ತೋಡಿಯ ಗಾಂಧಾರದಂಥ ಸ್ವರ ಒಂದು ಮನೆಯಲ್ಲಿ ಅಲುಗದೆ ನಿಲ್ಲುವುದಲ್ಲ. ಅದರ ಕಂಪನವನ್ನು ಮನಸ್ಸಿನಲ್ಲಿ ಸ್ಪಷ್ಟವಾಗಿ ಕೇಳಬಲ್ಲವರಿಗೆ ಬೆರಳು ಆಮೇಲೆ ದಾರಿ ತಪ್ಪುವುದಿಲ್ಲ. ಚಿತ್ರ ಮಸುಕಾದ ಕೂಡಲೇ ನಿಲ್ಲಿಸಿ, ಆ ಭಾಗವನ್ನು ಬಾಯಲ್ಲಿ ಹಾಡಿ, ಮತ್ತೆ ಕಣ್ಣು ಮುಚ್ಚಿ. ಹತ್ತು ನಿಮಿಷಕ್ಕೇ ತಲೆ ದಣಿಯುತ್ತದೆ. ಅಷ್ಟು ಸಾಕು. ಅರ್ಧ ಗಮನದಲ್ಲಿ ಒಂದು ಗಂಟೆ ಮಾಡಿದರೆ ತಪ್ಪೇ ಅಭ್ಯಾಸವಾಗುತ್ತದೆ.

ಊರು ಬಿಡುವ ಮೊದಲು ಒಂದು ಸಣ್ಣ ಸಿದ್ಧತೆ ಮಾಡಿಕೊಳ್ಳಿ. ಉದ್ದನೆಯ ಕಾಗದದ ಪಟ್ಟಿಯನ್ನು ವೀಣೆಯ ದಂಡಿಯ ಉದ್ದಕ್ಕೂ ಇಟ್ಟು, 24 ಮೆಟ್ಟಿಲುಗಳ ಜಾಗವನ್ನೂ ಇದ್ದ ಅಳತೆಯಲ್ಲೇ ಗುರುತು ಮಾಡಿ, ಸ್ವರಗಳ ಹೆಸರು ಬರೆದು, ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. 12ನೆಯ ಮೆಟ್ಟಿಲಿಗೆ ಒಂದು ಸ್ಥಾಯಿ ಮುಗಿದು ಮೇಲಿನ ಷಡ್ಜ ಬರುತ್ತದೆ, 24ಕ್ಕೆ ಎರಡು ಸ್ಥಾಯಿ. ಮೇಲೇರಿದಂತೆ ಮೆಟ್ಟಿಲುಗಳ ಅಂತರ ಕಿರಿದಾಗುವುದರಿಂದಲೇ ಅಳತೆ ನಿಜವಾದದ್ದಿರಬೇಕು. ಈ ಪಟ್ಟಿಯನ್ನು ಒಂದು ಹಲಗೆಯ ಮೇಲೆ ಅಂಟಿಸಿ ಎಡಗೈ ಓಡಿಸಬಹುದು. ತಂತಿಯ ಬಿಗಿ ಇದರಲ್ಲಿ ಸಿಗದು, ನಿಜ. ಮನೆಯಿಂದ ಮನೆಗೆ ಕೈ ಜರಗುವ ದೂರದ ಅಂದಾಜಾದರೂ ಉಳಿಯುತ್ತದೆ.

ಕೊಳಲಿನವರು ಪೆನ್ಸಿಲ್ ಹಿಡಿದು ಬೆರಳು ಮುಚ್ಚಿ ತೆರೆಯುತ್ತಾ ಸ್ವರ ಹೇಳಿಕೊಳ್ಳಲಿ, ಜೊತೆಗೆ ದೀರ್ಘ ಉಸಿರಿನ ಅಭ್ಯಾಸವನ್ನೂ ಬಿಡದಿರಲಿ. ಪಿಟೀಲಿನವರು ಕಮಾನಿನ ಬದಲು ಪೆನ್ಸಿಲ್ ಹಿಡಿದು ಹೆಬ್ಬೆರಳಿನ ಹಿಡಿತ ಬಿಗಿಯಾಗದಂತೆ ನೋಡಿಕೊಳ್ಳಲಿ. ಎಲ್ಲರಿಗಿಂತ ಭಾಗ್ಯವಂತರು ಮೃದಂಗದವರು. ಅವರ ಪಾಠವೆಲ್ಲ ಮೊದಲೇ ಬಾಯಲ್ಲಿದೆ. ತಕಧಿಮಿ, ತಧಿಗಿಣತೊಂ ಹೇಳುತ್ತಾ ತಾಳ ಹಾಕುವುದೇ ಅವರ ಸಾಧನೆ. ಅದು ಬೆಳೆದರೆ ಕೊನ್ನಕೋಲು, ವೇದಿಕೆಯ ಮೇಲೆ ಸ್ವತಂತ್ರ ಗೌರವವಿರುವ ಕಲೆ. ಮೇಜು ಬಡಿಯುವ ಚಾಳಿ ಮಾತ್ರ ಬೇಡ. ಗಟ್ಟಿ ಹಲಗೆ ಬೆರಳಿನ ಕೀಲಿಗೆ ನೋವು ತರುತ್ತದೆ, ದಿಂಬು ಇರಲಿ.

ಕೈ ಮುರಿದೋ ಶಸ್ತ್ರಚಿಕಿತ್ಸೆಯಾಗಿಯೋ ನುಡಿಸಲಾಗದವರು ಬೆರಳಾಡಿಸುವ ಯಾವ ಅಭ್ಯಾಸವನ್ನೂ ವೈದ್ಯರನ್ನು ಕೇಳದೆ ಮಾಡಬಾರದು. ಕಣ್ಣು ಮುಚ್ಚಿ ನುಡಿಸುವುದಕ್ಕೆ, ಹಾಡುವುದಕ್ಕೆ, ಬರೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ನಾಲ್ಕನೆಯದಾಗಿ ಉಳಿದದ್ದು ರಾಗದ ಕಲ್ಪನೆ, ಅದಕ್ಕೆ ದಾರಿ ಕೇಳುವುದು. ಕೇಳುವುದರ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೆ ಹಿನ್ನೆಲೆಯಲ್ಲಿ ಹಾಕಿಕೊಂಡು ಅಡುಗೆ ಮಾಡುವುದು ಸಾಧನೆಯಲ್ಲ. ನಿಮಗೆ ಪಾಠವಾಗಿರುವ ಒಂದು ಕೃತಿಯನ್ನು ಮೂವರು ವಿದ್ವಾಂಸರಿಂದ ಕೇಳಿ, ಸಂಗತಿಗಳು ಎಲ್ಲಿ ಬೇರೆಯಾಗುತ್ತವೆ ಎಂದು ಗುರುತು ಹಾಕಿಕೊಳ್ಳಿ. ಮೈಸೂರು ಬಾನಿ ಕಲಿತವರು ವಿ. ದೊರೆಸ್ವಾಮಿ ಅಯ್ಯಂಗಾರ್ಯರ (1920–1997) ಧ್ವನಿಮುದ್ರಿಕೆಗಳನ್ನು ಹುಡುಕಿ ಕೇಳಲೇಬೇಕು. ವೀಣೆ ವೆಂಕಟಗಿರಿಯಪ್ಪನವರ ಶಿಷ್ಯರಾದ ಅವರ ಮೀಟಿನ ಸ್ಪಷ್ಟತೆ, ಅವಸರವಿಲ್ಲದ ನಡೆ ಕಿವಿಯಲ್ಲಿ ಕೂತರೆ ದೊಡ್ಡ ಆಸ್ತಿ. ಕಛೇರಿ ಕೇಳುವಾಗ ತನಿ ಆವರ್ತನ ಬಂದ ಕೂಡಲೇ ಕಾಫಿಗೆ ಏಳಬೇಡಿ, ಮೊದಲಿಂದ ಕೊನೆಯವರೆಗೆ ತಾಳ ಹಾಕುತ್ತಾ ಕೂರಿ. ಮುಕ್ತಾಯಕ್ಕೆ ನಿಮ್ಮ ಕೈಯೂ ಸರಿಯಾದ ಜಾಗಕ್ಕೆ ಬಂದು ಬಿದ್ದರೆ ಕಾಲಪ್ರಮಾಣ ಗಟ್ಟಿಯಾಗಿದೆ. ಆಕಾಶವಾಣಿ 2016ರಲ್ಲಿ ಶುರು ಮಾಡಿದ ಶಾಸ್ತ್ರೀಯ ಸಂಗೀತದ ವಾಹಿನಿ ರಾಗಂ. ಅಂಥ ವಾಹಿನಿಯನ್ನು ಹಾಡಿನ ನಡುವೆ ಹಾಕಿ, ರಾಗ ಯಾವುದೆಂದು ನೀವೇ ಪತ್ತೆಹಚ್ಚುವ ಅಭ್ಯಾಸವೂ ಒಳ್ಳೆಯದು. ಬೆಂಗಳೂರಿನ ಹಾಸ್ಟೆಲುಗಳಲ್ಲಿರುವವರಿಗೆ 1905ರ ಗಾಯನ ಸಮಾಜವಿದೆ, ಚಾಮರಾಜಪೇಟೆಯಲ್ಲಿ 1939ರಿಂದ ನಡೆದು ಬಂದಿರುವ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವವಿದೆ. ಅಮೆರಿಕದಲ್ಲಿರುವ ಕನ್ನಡಿಗರು 1978ರಿಂದ ನಡೆಯುತ್ತಿರುವ ಕ್ಲೀವ್‌ಲ್ಯಾಂಡಿನ ತ್ಯಾಗರಾಜ ಆರಾಧನೆಗೆ ಒಮ್ಮೆಯಾದರೂ ಹೋಗಿ ಬರಲಿ.

ದಿನಕ್ಕೆ ಎಷ್ಟು ಹೊತ್ತು? ಅರ್ಧ ಗಂಟೆ ಸಾಕು, ಆದರೆ ದಿನವೂ ಬೇಕು. ಶ್ರುತಿಗೆ ಐದು ನಿಮಿಷ, ವರಸೆ–ಅಲಂಕಾರಗಳಿಗೆ ಹತ್ತು, ಉಳಿದದ್ದು ವರ್ಣಕ್ಕೂ ಕಣ್ಣು ಮುಚ್ಚಿ ನುಡಿಸುವುದಕ್ಕೂ. ಪರೀಕ್ಷೆಯ ವರ್ಷದಲ್ಲಿ ಮಕ್ಕಳ ವಾದ್ಯಕ್ಕೆ ಬೀಗ ಹಾಕುವ ತಂದೆ ತಾಯಿಗಳಲ್ಲಿ ನನ್ನದೊಂದು ಬೇಡಿಕೆ: ಪಾಠ ನಿಲ್ಲಿಸಬೇಕಾಗಿ ಬಂದರೆ ನಿಲ್ಲಿಸಿ, ಆದರೆ ಬೆಳಗಿನ ಹದಿನೈದು ನಿಮಿಷದ ಹಾಡಿಕೆಯನ್ನು ಕಿತ್ತುಕೊಳ್ಳಬೇಡಿ. ಎರಡು ವರ್ಷ ಪೂರ್ತಿ ಬಿಟ್ಟ ಮಗು ಮತ್ತೆ ವಾದ್ಯದ ಮುಂದೆ ಕೂರಲು ನಾಚಿಕೊಳ್ಳುತ್ತದೆ, ಆ ನಾಚಿಕೆಯಲ್ಲೇ ಎಷ್ಟೋ ಮಕ್ಕಳ ಸಂಗೀತ ಮುಗಿದುಹೋಗುತ್ತದೆ.

ಗುರುಗಳ ಸಂಪರ್ಕ ಬಿಡಬಾರದು. ವಿಡಿಯೋ ಕರೆಯಲ್ಲಿ ದನಿ ಸ್ವಲ್ಪ ತಡವಾಗಿ ಮುಟ್ಟುವುದರಿಂದ ಇಬ್ಬರೂ ಒಟ್ಟಿಗೆ ತಾಳ ಹಾಕಿ ಹಾಡಲಾಗದು. ಅವರು ಒಂದು ಸಾಲು ಹಾಡಲಿ, ನೀವು ಕೇಳಿ ಹಿಂತಿರುಗಿ ಹಾಡಿ; ತಿದ್ದುವುದು ಹೀಗೆ ಚೆನ್ನಾಗಿಯೇ ನಡೆಯುತ್ತದೆ. ದೂರವಿರುವಾಗಲೇ ಒಂದು ಹೊಸ ಕೃತಿಯನ್ನು ಬಾಯಿಪಾಠವಾಗಿ ಕಲಿಸಿಕೊಡಿ ಎಂದು ಕೇಳಿ. ಹಳೆಯದನ್ನು ಉಳಿಸಿಕೊಳ್ಳುವುದಷ್ಟೇ ಗುರಿಯಾದರೆ ಮನಸ್ಸು ಬೇಸರಗೊಳ್ಳುತ್ತದೆ, ಹೊಸದೊಂದು ಬೆಳೆಯುತ್ತಿದ್ದರೆ ದಿನದ ಅರ್ಧ ಗಂಟೆಗೆ ತಾನೇ ಹುರುಪು ಬರುತ್ತದೆ.

ವಾದ್ಯವನ್ನು ಬಿಟ್ಟು ಹೋಗುವಾಗಿನ ಮಾತು ಚಿಕ್ಕದು. ವೀಣೆಯ ತಂತಿಗಳನ್ನು ಸ್ವಲ್ಪ ಇಳಿಸಿ, ಒಣಬಟ್ಟೆಯಲ್ಲಿ ಒರೆಸಿ, ಬಿಸಿಲು ಬೀಳದ ಕಡೆ ಇಡಿ. ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲಾದ್ದರಿಂದ ಸೆಕೆಗೆ ಅದು ಮೆತ್ತಗಾಗಿ ಮೆಟ್ಟಿಲು ಜರಗಬಹುದು. ಪಿಟೀಲಿನ ಕಮಾನಿನ ಕೂದಲು ಪೂರ್ತಿ ಸಡಿಲಿರಲಿ. ತಂತಿಗಳನ್ನು ಮಾತ್ರ ಪೂರ್ತಿ ಸಡಿಲಿಸಬಾರದು, ಸೇತುವೆಯೂ ಒಳಗಿನ ಕಂಬವೂ ಬಿದ್ದುಹೋಗುತ್ತವೆ.

ಮರಳಿ ಬಂದ ಮೇಲೆ

ಬಹಳ ದಿನದ ಮೇಲೆ ವಾದ್ಯ ಸಿಕ್ಕ ಸಂತೋಷದಲ್ಲಿ ಮೊದಲ ದಿನವೇ ಎರಡು ಗಂಟೆ ನುಡಿಸಿ, ಬೆರಳಲ್ಲಿ ಬೊಬ್ಬೆ ಎಬ್ಬಿಸಿಕೊಂಡು, ಮಣಿಕಟ್ಟು ಹಿಡಿದುಕೊಂಡು ಮತ್ತೆ ವಾರಗಟ್ಟಲೆ ಬಿಡುವವರಿದ್ದಾರೆ. ಮನಸ್ಸಿಗೆ ಎಲ್ಲ ನೆನಪಿರುತ್ತದೆ, ಸ್ನಾಯುವಿಗೆ ಆ ಬಲ ಉಳಿದಿರುವುದಿಲ್ಲ; ಅಪಾಯ ಇರುವುದು ಈ ಅಂತರದಲ್ಲೇ. ತುಕ್ಕು ಹಿಡಿದ ತಂತಿ ಬದಲಿಸಿ, ಶ್ರುತಿಯನ್ನು ಒಂದೇ ಏಟಿಗೆ ಏರಿಸದೆ ಹಂತಹಂತವಾಗಿ ತನ್ನಿ. ಮೊದಲ ಕೆಲವು ದಿನ ಹದಿನೈದು ನಿಮಿಷ ಮಾತ್ರ: ಸರಳೆ, ಜಂಟಿ ವರಸೆ, ಮೊದಲ ಕಾಲದಲ್ಲಿ. ತಂತಿ ಎಳೆಯುವ ಗಮಕಗಳನ್ನು ಒಂದು ವಾರ ತಡೆದುಕೊಳ್ಳಿ. ಬೆರಳ ತುದಿ ಉರಿಯುವುದು ಸಹಜ. ಮಣಿಕಟ್ಟು, ಮುಂಗೈ, ಭುಜ ನೋಯುವುದು ಸಹಜವಲ್ಲ, ಕೂಡಲೇ ನಿಲ್ಲಿಸಬೇಕು. ಎರಡು ಮೂರು ವಾರದಲ್ಲಿ ಸಮಯವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ, ಆಮೇಲೆ ವರ್ಣಕ್ಕೆ ಬನ್ನಿ.

ದೂರವಿದ್ದಾಗ ಬಾಯಲ್ಲಿ ಕಲಿತ ಆ ಹೊಸ ಕೃತಿಯನ್ನು ವೀಣೆಗೆ ತರುವುದು ಅದಾದ ಮೇಲಿನ ಕೆಲಸ. ಸಾಲು ಹಾಡುವುದು, ಅದೇ ಸಾಲು ನುಡಿಸುವುದು, ಹೀಗೇ ಪಲ್ಲವಿ ಮುಗಿಸಿಕೊಂಡು ಗುರುಗಳ ಎದುರು ಹೋಗಿ ಕೂತುಕೊಳ್ಳಿ. ಒಬ್ಬರೇ ಅಭ್ಯಾಸ ಮಾಡಿದ್ದರಲ್ಲಿ ತಪ್ಪು ನುಸುಳಿಯೇ ಇರುತ್ತದೆ. ಅದು ಬೆರಳಿಗೆ ಇಳಿದು ಗಟ್ಟಿಯಾಗುವ ಮೊದಲೇ ತಿದ್ದಿಸಿಕೊಳ್ಳಿ.